ಕೇಳುವವರ ಋಣ

ಸಣ್ಣ ಸ್ವತಂತ್ರ ಅಂತರ್ಜಾಲ ಬಾನುಲಿ ನಿಲಯವೊಂದು ತನ್ನ ಕೇಳುಗರಿಂದ ಪಡೆಯುವ ಹಣವನ್ನು ಯಾವ ಹೆಸರಿನಿಂದ ಕರೆಯಬೇಕೆಂಬುದು ಮೇಲ್ನೋಟಕ್ಕೆ ಲೆಕ್ಕಪತ್ರದ ಪ್ರಶ್ನೆಯಂತೆ ಕಂಡರೂ, ಒಳಹೊಕ್ಕು ನೋಡಿದರೆ ಕೊಡುವುದೆಂದರೇನು ಎಂಬ ಹಳೆಯ ಧಾರ್ಮಿಕ ಜಿಜ್ಞಾಸೆಯೇ ಅಲ್ಲಿ ಎದುರಾಗುತ್ತದೆ. ಅದನ್ನು ಬೆಲೆಯೆನ್ನುವಂತಿಲ್ಲ; ತೆತ್ತವನಿಗಷ್ಟೇ ಸರಕು ಸಿಗುವುದು ವ್ಯಾಪಾರದ ನಿಯಮ, ಇಲ್ಲಿಯಾದರೋ ಒಂದು ಕಾಸೂ ಕೊಡದವನ ಕಿವಿಗೂ ಅದೇ ಸಂಗೀತ ಅದೇ ಹೊತ್ತಿಗೆ ಮುಟ್ಟುತ್ತದೆ. ದಾನವೆಂದರೆ, ಕೊಡುವವನು ಕೊಡುವ ಮೊದಲೇ ತಿಂಗಳುಗಟ್ಟಲೆ ಪಡೆದುಕೊಂಡಿದ್ದಾನೆ. ಸಾಲವೆಂದರೆ, ಯಾರು ಎಷ್ಟು ಕೇಳಿದರೆಂಬುದನ್ನು ಬರೆದಿಟ್ಟು ವಸೂಲಿಗೆ ಬರುವವರು ಯಾರೂ ಇಲ್ಲ.

ಬಾನುಲಿಯ ಸಂದರ್ಭದಲ್ಲಿ ಈ ಪ್ರಶ್ನೆಯನ್ನು ತತ್ತ್ವದ ಮಟ್ಟಕ್ಕೆ ಒಯ್ದವರಲ್ಲಿ ಅಮೆರಿಕದ ಲೂಯಿಸ್ ಹಿಲ್ ಮುಖ್ಯರು. ಎರಡನೆಯ ಮಹಾಯುದ್ಧದಲ್ಲಿ ಆಯುಧ ಹಿಡಿಯಲು ಅಂತಃಸಾಕ್ಷಿಯ ಕಾರಣದಿಂದ ಒಪ್ಪದಿದ್ದ ಈ ಶಾಂತಿವಾದಿ 1946ರಲ್ಲಿ ಪೆಸಿಫಿಕಾ ಪ್ರತಿಷ್ಠಾನವನ್ನು ಕಟ್ಟಿ, 1949ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಿಂದ ಕೆಪಿಎಫ್‌ಎ ಎಂಬ ನಿಲಯದ ಪ್ರಸಾರವನ್ನು ಆರಂಭಿಸಿದರು. ಜಾಹೀರಾತಿನ ಹಣ ಮುಟ್ಟದೆ ಕೇಳುಗರ ಚಂದಾದಿಂದಲೇ ಬಾಳಬೇಕೆಂಬುದು ಅದರ ಸಂಕಲ್ಪವಾಗಿತ್ತು. 1950ರ ಆಗಸ್ಟ್‌ನಲ್ಲಿ ಹಣ ಸಾಲದೆ ಅದು ಮೌನವಾಯಿತು. ಮರುವರ್ಷ ಮೇ ತಿಂಗಳಲ್ಲಿ ಮತ್ತೆ ಮಾತನಾಡತೊಡಗಿತು. ಆ ಕಾಲದಲ್ಲೇ ಹಿಲ್ ತಮ್ಮ ವಿಚಾರವನ್ನು ಸಿದ್ಧಾಂತವಾಗಿ ರೂಪಿಸಿದರು: ಕೇಳಬಲ್ಲವರಲ್ಲಿ ನೂರಕ್ಕೆ ಇಬ್ಬರು ಚಂದಾ ಕೊಟ್ಟರೂ ಸಾಕು, ಆದರೆ ಆ ಇಬ್ಬರು ಕೊಡದೆಯೂ ಕೇಳಬಹುದಾಗಿತ್ತು ಎಂಬುದರಲ್ಲೇ ಅವರು ಕೊಟ್ಟದ್ದರ ಅರ್ಥವಿದೆ. ಬಾಗಿಲಿಗೆ ಬೀಗ ಹಾಕಿ ಟಿಕೆಟ್ ಮಾರಿದ್ದರೆ ಅದೇ ಹಣ ಬರುತ್ತಿತ್ತೇನೋ, ಆದರೆ ಆ ಹಣ ಬೇರೆ ಜಾತಿಯದಾಗಿರುತ್ತಿತ್ತು.

ಅರ್ಥಶಾಸ್ತ್ರಜ್ಞರು ಇದಕ್ಕೆ ಎದುರಾದ ಮಾತನ್ನು ಆಡುತ್ತಾರೆ. ಮ್ಯಾನ್ಕರ್ ಓಲ್ಸನ್ 1965ರಲ್ಲಿ ಪ್ರಕಟಿಸಿದ ಸಾಮೂಹಿಕ ಕ್ರಿಯೆಯ ಕುರಿತ ಗ್ರಂಥದಲ್ಲಿ, ಎಲ್ಲರಿಗೂ ಒದಗುವ ಸೌಲಭ್ಯಕ್ಕೆ ದೊಡ್ಡ ಗುಂಪಿನಲ್ಲಿ ಯಾರೂ ತಾವಾಗಿ ವಂತಿಗೆ ಕೊಡಲು ಮುಂದಾಗುವುದಿಲ್ಲ, ಬೇರೆಯವರು ಕೊಟ್ಟಾರೆಂದು ಪ್ರತಿಯೊಬ್ಬನೂ ಕಾಯುತ್ತಾನೆ ಎಂದು ತೋರಿಸಿದರು; ಹಾಗೆ ಕಾಯುವವನನ್ನು ಬಿಟ್ಟಿ ಸವಾರನೆಂದು ಕರೆಯುವುದು ಆ ಶಾಸ್ತ್ರದ ರೂಢಿ. ಹಿಲ್ ಅವರ ನೋಟದಲ್ಲಿ ಅದೇ ಮನುಷ್ಯ ಅಪರಾಧಿಯಲ್ಲ. ಅವನಿರುವುದರಿಂದಲೇ ಕೊಡುವುದು ಒಂದು ಆಯ್ಕೆಯಾಗಿ ಉಳಿಯುತ್ತದೆ, ಅವನನ್ನು ಹೊರಗಟ್ಟಿದ ದಿನ ಉಳಿದವರ ಕೊಡುಗೆಯೂ ಸುಂಕವಾಗಿಬಿಡುತ್ತದೆ.

ಅಂತರ್ಜಾಲದ ಬಾನುಲಿಯಲ್ಲಿ ಈ ವಿಚಾರ ಮತ್ತಷ್ಟು ಕಠಿಣವಾಗುತ್ತದೆ. ಗೋಪುರದಿಂದ ಅಲೆಗಳ ಮೂಲಕ ಹರಡುವ ಪ್ರಸಾರ ಹಚ್ಚಿಟ್ಟ ದೀಪದಂತೆ, ಅದರ ಬೆಳಕಿನಲ್ಲಿ ಹತ್ತು ಜನ ಕೂತರೂ ಸಾವಿರ ಜನ ಕೂತರೂ ಉರಿಯುವ ಎಣ್ಣೆ ಅಷ್ಟೇ. ಅಂತರ್ಜಾಲದ ಪ್ರಸಾರವಾದರೋ ಊಟದ ಪಂಕ್ತಿಯಂತೆ. ಸರ್ವರ್ ಪ್ರತಿಯೊಬ್ಬ ಕೇಳುಗನಿಗೂ ಧ್ವನಿಯ ಪ್ರತ್ಯೇಕ ಧಾರೆಯನ್ನು ಕಳುಹಿಸಬೇಕಾದ್ದರಿಂದ ಹೊಸದಾಗಿ ಹಾಸಿದ ಪ್ರತಿ ಎಲೆಗೂ ಅನ್ನ ಬೇಕು. ಇದರ ಮೇಲೆ ರಾಯಲ್ಟಿ, ಅಂದರೆ ಹಾಡನ್ನು ಬಳಸಿದ್ದಕ್ಕೆ ಹಕ್ಕುದಾರರಿಗೆ ಸಲ್ಲಬೇಕಾದ ಪಾಲು, ಕೂಡ ತಲೆ ಎಣಿಸಿ ನಿಗದಿಯಾಗುವುದುಂಟು. ಅಮೆರಿಕದಲ್ಲಿ 2002ರ ಜೂನ್‌ನಲ್ಲಿ ಗೊತ್ತುಪಡಿಸಿದ ದರ ಒಂದು ಹಾಡಿಗೆ, ಒಬ್ಬ ಕೇಳುಗನಿಗೆ, ಒಂದು ಸೆಂಟಿನ ನೂರು ಪಾಲಿನಲ್ಲಿ ಏಳು ಪಾಲು. ಕಾಣಲು ಇದು ಧೂಳಿನ ಕಣ. ಆದರೆ ಗಂಟೆಗೆ 15 ಹಾಡು ಹಾಕುವ ನಿಲಯವೊಂದನ್ನು ಹಗಲಿರುಳು ಸಾವಿರ ಜನ ಕೇಳಿದರೆ ದಿನಕ್ಕೆ 252 ಡಾಲರ್, ವರ್ಷಕ್ಕೆ ಸುಮಾರು 92,000 ಡಾಲರ್ ಆಗುತ್ತಿತ್ತು; ಅದಲ್ಲದೆ 1998ರ ಅಕ್ಟೋಬರ್‌ನಿಂದ ಇದ್ದ ಬಾಕಿಯನ್ನೂ ತೆರಬೇಕಿತ್ತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2000ದಲ್ಲಿ ಹುಟ್ಟಿದ, ಜಾಹೀರಾತಿಲ್ಲದೆ ಕೇಳುಗರ ದೇಣಿಗೆಯಿಂದ ನಡೆಯುವ ಸೋಮಎಫ್‌ಎಂ ಆ ಜೂನ್‌ನಲ್ಲಿ ಪ್ರಸಾರ ನಿಲ್ಲಿಸಬೇಕಾಯಿತು. ಸಣ್ಣ ಪ್ರಸಾರಕರಿಗೆ ರಿಯಾಯಿತಿಯ ದಾರಿ ತೆರೆದ ಕಾನೂನು ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದಿತು. ಅದೇ ಸುಮಾರಿಗೆ ನಿಲಯವೂ ಮರಳಿ ಜೀವ ತಳೆಯಿತು. ಇಲ್ಲಿ ಒಂದು ಮಾತನ್ನು ಮರೆಯಬಾರದು: ಆ ದೇಶದಲ್ಲಿ ಗೋಪುರದ ಬಾನುಲಿ ಹಾಡು ರಚಿಸಿದವರಿಗೆ ಮಾತ್ರ ಪಾಲು ಕೊಡುತ್ತದೆ, ಅಂತರ್ಜಾಲದ ಬಾನುಲಿ ಹಾಡಿದವರಿಗೂ ನುಡಿಸಿದವರಿಗೂ ಕೊಡುತ್ತದೆ. ಹೀಗಾಗಿ ಸಣ್ಣ ನಿಲಯದ ಮೇಲೆ ಬಿದ್ದಿದ್ದ ಹೊರೆ ಸ್ವತಃ ಅನ್ಯಾಯವಲ್ಲ. ದೊಡ್ಡವರು ಹೊರದೆ ಬಿಟ್ಟ ನ್ಯಾಯದ ಹೊರೆಯನ್ನು ಬಡವನೊಬ್ಬನೇ ಹೊರಬೇಕಾದದ್ದು ಅನ್ಯಾಯ.

ಪ್ರತಿ ಎಲೆಗೂ ಅನ್ನ ಬೇಕಾಗುವ ಕಡೆ ಹಿಲ್ ಅವರ ವಿಚಾರ ನಿಲ್ಲಬಲ್ಲದೆ? ಕೊಡದೆ ಕೇಳುವವನು ಈಗ ಬರಿಯ ಬೆಳಕಿನಲ್ಲಿ ಕೂತವನಲ್ಲ, ಬಡಿಸಿದ್ದನ್ನು ಉಣ್ಣುತ್ತಿರುವವನು. ದಾಸೋಹವೆಂಬ ಕನ್ನಡದ ಪರಿಕಲ್ಪನೆ ಈ ಸ್ಥಿತಿಯನ್ನು ಹೆಚ್ಚು ಚೆನ್ನಾಗಿ ಬೆಳಗಿಸುತ್ತದೆ. ದಾಸನು ನಾನು ಎಂಬ ಅರ್ಥದ ಮಾತಿನಿಂದ ಬಂದ ಈ ಪದವನ್ನು ಹನ್ನೆರಡನೆಯ ಶತಮಾನದ ಶರಣರು ಕಾಯಕದ ಜೊತೆ ಜೋಡಿಸಿದರು: ದುಡಿದದ್ದರಲ್ಲಿ ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಸಮುದಾಯಕ್ಕೆ ಸಲ್ಲಿಸುವವನು ಕೊಟ್ಟೆನೆಂದು ಬೀಗುವ ಹಾಗಿಲ್ಲ, ಏಕೆಂದರೆ ಅವನು ದಾನಿಯಲ್ಲ, ಬಡಿಸುವವರಲ್ಲಿ ಒಬ್ಬ. ದಾನದಲ್ಲಿ ಕೊಡುವ ಕೈ ಮೇಲೆ, ತೆಗೆದುಕೊಳ್ಳುವ ಕೈ ಕೆಳಗೆ; ದಾಸೋಹ ಆ ಏರುತಗ್ಗನ್ನೇ ಒಪ್ಪುವುದಿಲ್ಲ. ಅಂತರ್ಜಾಲ ಬಾನುಲಿಗೆ ಹಣ ಕಳುಹಿಸುವ ಕೇಳುಗನನ್ನೂ ಹೀಗೆ ಕಾಣುವುದೇ ಸರಿ. ತಾನು ಕೇಳಿದ್ದರ ಬೆಲೆಯನ್ನು ಅವನು ತೆರುತ್ತಿಲ್ಲ. ತನಗೆ ಗೊತ್ತೇ ಇಲ್ಲದ ಯಾರೋ ಕೊಡಲಾಗದವರು, ಬಹುಶಃ ಬೇರೊಂದು ಖಂಡದ ಇರುಳಿನಲ್ಲಿ ಎಚ್ಚರವಾಗಿರುವವರು, ಕೇಳಲೆಂದು ಪಂಕ್ತಿಗೆ ಇನ್ನೊಂದು ಎಲೆ ಹಾಕಿಸುತ್ತಿದ್ದಾನೆ.

ಹಾಗಿದ್ದರೆ ಬೇಡುವುದು ಹೇಗೆ? ಕನ್ನಡದಲ್ಲಿ ಕೇಳು ಎಂಬ ಒಂದೇ ಧಾತುವಿಗೆ ಆಲಿಸು ಎಂದೂ ಯಾಚಿಸು ಎಂದೂ ಅರ್ಥವಿರುವುದು ಇಲ್ಲಿ ತೀರ ಸಮಂಜಸ; ಕೇಳುಗರು ಕೇಳುತ್ತಾರೆ, ನಿಲಯವೂ ಕೇಳುತ್ತದೆ. ವರ್ಷಕ್ಕೆ ಒಂದೆರಡು ವಾರ ಹಾಡುಗಳ ನಡುವೆ ಹಣಕ್ಕಾಗಿ ಬಿನ್ನವಿಸಿಕೊಳ್ಳುವುದು, ಕೊಟ್ಟವರಿಗೆ ಅಂಗಿಯನ್ನೋ ಬಟ್ಟಲನ್ನೋ ಕಳುಹಿಸುವುದು ಅಮೆರಿಕದ ಇಂಥ ನಿಲಯಗಳ ವಾಡಿಕೆ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ಮರಳಿ ಉಪಕಾರ ಮಾಡಲಾರದವನಿಗೆ, ಕೊಡಬೇಕಾದದ್ದೆಂಬ ಭಾವದಿಂದ ಕೊಟ್ಟದ್ದನ್ನು ಸಾತ್ತ್ವಿಕವೆಂದೂ, ಪ್ರತಿಫಲಕ್ಕಾಗಿ ಇಲ್ಲವೆ ಮನಸ್ಸಿಗೆ ಕಷ್ಟಪಟ್ಟುಕೊಂಡು ಕೊಟ್ಟದ್ದನ್ನು ರಾಜಸವೆಂದೂ ವಿಂಗಡಿಸುತ್ತದೆ. ಈ ಅಳತೆಯಿಂದ ಬಟ್ಟಲಿನ ಆಸೆ ರಾಜಸವೇ ಸರಿ, ಆದರೂ ಅದು ಸಣ್ಣ ದೋಷ. ದಿನವೂ ಕಾಫಿ ಕುಡಿಯುವ ಬಟ್ಟಲು ನಿಲಯವನ್ನು ನೆನಪಿಸಿದರೆ ಅದರಿಂದ ಕೇಡಿಲ್ಲ. ಕೊಟ್ಟವರಿಗೆ ಮಾತ್ರ ತೆರೆಯುವ ವಾಹಿನಿಗಳನ್ನು ಹುಟ್ಟುಹಾಕುವುದು ದೊಡ್ಡ ದೋಷ, ಅದು ಒಂದೇ ಪಂಕ್ತಿಯನ್ನು ಎರಡಾಗಿ ಒಡೆಯುತ್ತದೆ.

ಅದಕ್ಕಿಂತಲೂ ಭಯಪಡಬೇಕಾದದ್ದು ಒಬ್ಬನೇ ದೊಡ್ಡ ದಾನಿಯ ಆಗಮನಕ್ಕೆ. ಯಜಮಾನನೆಂದರೆ ಮೂಲದಲ್ಲಿ ಯಜ್ಞ ಮಾಡಿಸಿ ಅದರ ವೆಚ್ಚವನ್ನೂ ದಕ್ಷಿಣೆಯನ್ನೂ ಕೊಡುವವನು. ಅದೇ ಮಾತಿಗೆ ಕನ್ನಡದಲ್ಲಿ ಒಡೆಯನೆಂಬ ಅರ್ಥ ಬಂದಿರುವುದು ಆಕಸ್ಮಿಕವಲ್ಲ. ಪೂರ್ತಿ ವೆಚ್ಚವನ್ನು ಒಬ್ಬನೇ ಹೊತ್ತಾಗ ಯಾವ ಹಾಡು ಬೇಕು, ಯಾವ ಮಾತು ಬೇಡ ಎಂಬುದನ್ನು ಅವನು ಬಾಯಿಬಿಟ್ಟು ಹೇಳಬೇಕಾಗುವುದೇ ಇಲ್ಲ, ನಡೆಸುವವರು ತಾವಾಗಿಯೇ ಅವನ ಮುಖ ನೋಡತೊಡಗುತ್ತಾರೆ. ಹತ್ತು ಡಾಲರ್ ಕೊಡುವ ಸಾವಿರಾರು ಜನರಲ್ಲಿ ಯಾರೊಬ್ಬರೂ ಯಜಮಾನರಾಗಲಾರರು. ಕೊಡುಗೆ ಚಿಕ್ಕದಾಗಿರುವುದರಿಂದಲೇ ನಿಲಯದ ಸ್ವಾತಂತ್ರ್ಯ ಉಳಿಯುತ್ತದೆ.

2007ರ ಮಾರ್ಚ್‌ನಲ್ಲಿ ರಾಯಲ್ಟಿ ದರ ಮತ್ತೆ ಏರಿದಾಗ ಅಮೆರಿಕದ ಅನೇಕ ಅಂತರ್ಜಾಲ ನಿಲಯಗಳು ಜೂನ್ 26ರಂದು ಇಡೀ ದಿನ ಸಂಗೀತವನ್ನು ನಿಲ್ಲಿಸಿ ಮೌನವನ್ನು ಪ್ರಸಾರ ಮಾಡಿದವು. ಅಂದು ಅವು ಕೇಳಿದ್ದು ಹಣವನ್ನಲ್ಲ, ಕೇಳುಗರು ತಮ್ಮ ಜನಪ್ರತಿನಿಧಿಗಳೊಡನೆ ಮಾತನಾಡಬೇಕೆಂಬುದನ್ನು. ಮಾತುಕತೆಯ ಮೂಲಕ ಬೇರೆ ದರಕ್ಕೆ ಒಪ್ಪಂದ ಮಾಡಿಕೊಳ್ಳಲು ಅವಕಾಶ ಕೊಡುವ ಕಾನೂನುಗಳು 2008 ಮತ್ತು 2009ರಲ್ಲಿ ಬಂದವು. ಆ ಮೌನ ತಾಕಿದ ಕಿವಿಗಳಲ್ಲಿ ವರ್ಷವೂ ದೇಣಿಗೆ ಕಳುಹಿಸುತ್ತಿದ್ದವರು ಯಾರು, ಎಂದೂ ಕೊಡದೆ ಬರಿದೆ ಕೇಳುತ್ತಿದ್ದವರು ಯಾರು ಎಂಬುದನ್ನು ಬೇರ್ಪಡಿಸಿ ಹೇಳುವ ಬಗೆ ಅಂದೂ ಇರಲಿಲ್ಲ.