ಕಲಿಸದ ಪಾಠ

“ಮಾಡ್ತಾ ಮಾಡ್ತಾ ತಾನೇ ಕಲಿತುಕೊಳ್ತಾಳೆ ಬಿಡಿ” – ಈ ಮಾತನ್ನು ನಾವು ಹೆಂಗಸರು ಎಷ್ಟು ಬಾರಿ ಕೇಳಿಲ್ಲ! ಹೊಸ ಸೊಸೆಯ ಬಗ್ಗೆ, ಮನೆಗೆಲಸದವಳ ಬಗ್ಗೆ, ಮೊದಲ ದಿನವೇ ಅರವತ್ತು ಮಕ್ಕಳ ಎದುರು ನಿಂತ ಶಿಕ್ಷಕಿಯ ಬಗ್ಗೆ. ಕೇಳಲು ಉದಾರವಾದ ಮಾತೇ. ಆದರೆ ಕಲಿಸಬೇಕಾದವರು ಕಲಿಸದೆ ಬಿಟ್ಟಾಗ ಆಗುವ ತಪ್ಪು ಯಾರದು?

ಈ ಪ್ರಶ್ನೆ ನನ್ನನ್ನು ಕಾಡಿದ್ದು ಕಸದ ವಿಷಯದಲ್ಲಿ. ಬೆಂಗಳೂರಿನಲ್ಲಿ ಮನೆಯಲ್ಲೇ ಕಸ ಬೇರ್ಪಡಿಸುವುದು 2012ರ ಅಕ್ಟೋಬರಿನಿಂದ ಕಡ್ಡಾಯವಾಯಿತು. ಕೆ.ಆರ್. ಪುರದಾಚೆಯ ಮಂಡೂರಿನಲ್ಲಿ ನಮ್ಮ ಕಸ ಬೆಟ್ಟವಾಗಿ ಬೆಳೆದು, ಹಳ್ಳಿಯವರು ಹೋರಾಡಿ, 2014ರ ಕೊನೆಗೆ ಅಲ್ಲಿ ಸುರಿಯುವುದು ನಿಂತಿತು. ಮರುವರ್ಷ ಹೈಕೋರ್ಟು ‘ಎರಡು ಡಬ್ಬ, ಒಂದು ಚೀಲ’ ಎಂದಿತು: ಹಸಿ ಕಸಕ್ಕೆ ಹಸಿರು ಡಬ್ಬ, ಡಯಾಪರಿನಂಥದಕ್ಕೆ ಕೆಂಪು, ಒಣ ಕಸಕ್ಕೆ ಚೀಲ. ನಮಗೆ ಕರಪತ್ರ ಹಂಚಿದರು, ಸಭೆ ಮಾಡಿದರು. ಕಸ ಎತ್ತುವವರಿಗೆ?

ಹಲಸೂರಿನ ನಮ್ಮ ಬೀದಿಗೆ ಗುತ್ತಿಗೆದಾರರ ಆಟೋ ಜೊತೆ ಹೊಸ ಹೆಣ್ಣುಮಗಳೊಬ್ಬಳು ಬಂದಳು. ನಾವು ಬೇರ್ಪಡಿಸಿ ಕೊಟ್ಟದ್ದನ್ನೆಲ್ಲ ಒಂದೇ ಕಡೆ ಸುರಿದಳು. ಪಕ್ಕದ ಮನೆಯಾಕೆ ರೇಗಿದರು. “ನಿನಗೆ ಯಾರೂ ಹೇಳಿಕೊಡಲಿಲ್ವೇನಮ್ಮ?” ಎಂದು ಕೇಳಿದೆ. “ಗಾಡಿ ಹತ್ತು ಅಂದ್ರು, ಹತ್ತಿದೆ ಮೇಡಂ” ಎಂದಳು. ಕೈಗೆ ಹಳೇ ಸೀರೆಯ ತುಂಡು ಸುತ್ತಿಕೊಂಡಿದ್ದಳು. ಒಡೆದ ಬಲ್ಬಿನ ಗಾಜು ಚುಚ್ಚಿತ್ತಂತೆ.

ಪಾಠ ಮಾಡದೆ ಪರೀಕ್ಷೆ ಇಟ್ಟರೆ ಫೇಲಾದದ್ದು ಮಗುವಲ್ಲ, ಮೇಷ್ಟರು. ತರಗತಿಯಲ್ಲಿ ಎಲ್ಲರೂ ಒಪ್ಪುವ ಈ ನ್ಯಾಯ ಬೀದಿಗೆ ಬಂದ ಕೂಡಲೆ ಯಾಕೆ ತಲೆಕೆಳಗಾಗುತ್ತದೆ? 2016ರ ಘನತ್ಯಾಜ್ಯ ನಿಯಮಗಳಲ್ಲಿ ಕಸ ಸಂಗ್ರಹಿಸುವವರಿಗೆ ತರಬೇತಿ ಕೊಡಬೇಕು, ಕೈಗವಸು, ಬೂಟು, ಮಾಸ್ಕು ಸಿಗುವಂತೆ ನೋಡಿಕೊಳ್ಳಬೇಕು ಎಂದು ಬರೆದಿತ್ತು. ಅಂದರೆ ಕಲಿಸುವುದು ದಯೆಯಲ್ಲ, ಸಾಲ. ಆ ಸಾಲ ತೀರಿಸದವರು ಕಣ್ಣಿಗೆ ಬೀಳುವುದಿಲ್ಲ. ಬೈಗುಳಕ್ಕೆ ಸಿಗುವವಳು ಗಾಡಿಯ ಮೇಲಿನವಳು ಮಾತ್ರ.

ತಿಂಗಳೊಳಗೆ ಅವಳು ಕಲಿತಳು ನಿಜ. ಇನ್ನೊಂದು ಗಾಡಿಯ ಹಿರಿಯಳನ್ನು ಕೇಳಿದಳು. ಚೀಲವನ್ನು ಮೆಲ್ಲಗೆ ಅಲ್ಲಾಡಿಸಿ ಗಾಜಿನ ಸದ್ದು ಕೇಳಿಕೊಳ್ಳುವುದನ್ನು ತಾನೇ ಕಂಡುಕೊಂಡಳು. “ನೋಡಿ, ಎಷ್ಟು ಚೆನ್ನಾಗಿ ಹೊಂದಿಕೊಂಡಳು!” ಎಂದರು ಪಕ್ಕದ ಮನೆಯಾಕೆ.

ಆ ಹೊಗಳಿಕೆಯೇ ನನ್ನನ್ನು ಯೋಚನೆಗೆ ಹಚ್ಚಿತು. ಹೊಂದಿಕೊಳ್ಳುವುದು ಹೆಣ್ಣಿನ ದೊಡ್ಡ ಗುಣವೆಂದು ನಮ್ಮನ್ನು ಬೆಳೆಸಿದ್ದಾರೆ. ಗುಣವೇನೋ ಹೌದು. ಆದರೆ ಅವಳು ಹೇಗೋ ನಿಭಾಯಿಸಿದ್ದರಿಂದ ಕಲಿಸದವರ ತಪ್ಪು ಮುಚ್ಚಿಹೋಯಿತಲ್ಲ! ಮುಂದೆ ಬರುವವಳಿಗೂ ಯಾರೂ ಕಲಿಸುವುದಿಲ್ಲ. ಅವಳ ಕೈಗೂ ಗಾಜು ಚುಚ್ಚುತ್ತದೆ. ಹಾಗೆಂದು ಹೊಂದಿಕೊಳ್ಳಬೇಡ ಎನ್ನಲಾದೀತೇ? ಅವಳಿಗೆ ಸಂಜೆಯ ಅಕ್ಕಿ ಬೇಕು. ಅವಳು ನಿಭಾಯಿಸಲಿ, ನಾವು ಕೇಳೋಣ ಎನ್ನುವುದೇ ನನಗೆ ತೋಚಿದ ದಾರಿ. ಕೇಳಿದರೆ ಕೆಲಸ ಹೋಗುವ ಭಯ ಅವಳಿಗೆ, ನಮಗೇನಿದೆ?

ಬೀದಿಯ ಐದು ಮಂದಿ ಹೆಂಗಸರು ಸಹಿ ಹಾಕಿ ವಾರ್ಡ್ ಕಚೇರಿಗೆ ಪತ್ರ ಕೊಟ್ಟೆವು. ಕೈಗವಸು ಬಂತು. ಹೇಳಿಕೊಡುವವರು ಬರಲಿಲ್ಲ. ಎರಡನೆಯ ಪತ್ರ ಬರೆದೆವು.

2018ರಲ್ಲಿ ಬೀದಿ ಗುಡಿಸುವವರಿಗೆ ಪಾಲಿಕೆಯೇ ನೇರವಾಗಿ ಸಂಬಳ ಕೊಡತೊಡಗಿತು. ಆಗಲೂ ಕಸದ ಗಾಡಿಯವರು ಗುತ್ತಿಗೆಯಲ್ಲೇ ಉಳಿದರು. ನಿಮ್ಮ ಬಾಗಿಲಿಗೂ ಹೊಸಬಳು ಬಂದಾಳು. ಅವಳು ತಪ್ಪಿದರೆ ಬೈಯುವ ಮೊದಲು, ಯಾರು ಹೇಳಿಕೊಟ್ಟರು ಎಂದೊಮ್ಮೆ ಕೇಳಿ. ಯಾರೂ ಇಲ್ಲ ಎಂದರೆ, ಆ ಬೈಗುಳವನ್ನು ಕಾಗದದ ಮೇಲೆ ಬರೆದು ಸರಿಯಾದ ವಿಳಾಸಕ್ಕೆ ಕಳಿಸಿ.