ಮಾತಿನ ಕಾಯಕವೂ ಮಾತಿನ ವಿಕ್ರಯವೂ

ವಿದ್ಯಾವಂತರಾದ ತರುಣರಲ್ಲಿ ಕೆಲವರು ಇಂದು ಭಾಷಣವನ್ನೇ ಜೀವನೋಪಾಯವಾಗಿ ಮಾಡಿಕೊಳ್ಳಲು ಬಯಸುತ್ತಿದ್ದಾರೆ. ಸಭೆಗೆ ಇಷ್ಟು ಹಣವೆಂದು ಗೊತ್ತುಮಾಡಿಕೊಂಡು ಊರಿಂದೂರಿಗೆ ಹೋಗಿ ಮಾತನಾಡುವುದೂ ಒಂದು ವೃತ್ತಿಯಾಗಿದೆ. ಇದನ್ನು ಕೇಳಿದ ಮನೆಯ ಹಿರಿಯರು, ‘ಒಳ್ಳೆಯ ಮಾತಿಗೆ ಬೆಲೆ ಕಟ್ಟಬಹುದೆ? ವಿದ್ಯೆಯನ್ನು ಸಂತೆಗೆ ತಂದಂತಾಗದೆ?’ ಎಂದು ಶಂಕಿಸುವುದುಂಟು. ಈ ಶಂಕೆಯು ಅಲ್ಪವಾದುದಲ್ಲ, ವಿಚಾರಿಸಿ ನೋಡತಕ್ಕದ್ದಾಗಿದೆ.

ಪ್ರಶ್ನೆಯು ಹೊಸದೂ ಅಲ್ಲ. ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿ ಗ್ರೀಸಿನ ಅಥೆನ್ಸ್ ನಗರದಲ್ಲಿ ಸೋಫಿಸ್ಟರೆಂಬ ಪಂಡಿತರು ವಾಕ್ಚಾತುರ್ಯವನ್ನು ಕಲಿಸಿ ಹಣ ಪಡೆಯುತ್ತಿದ್ದರು. ಅವರಲ್ಲಿ ಪ್ರಮುಖನಾದ ಪ್ರೊಟಾಗೊರಸನ ಪದ್ಧತಿಯನ್ನು ಪ್ಲೇಟೋ ಬರೆದಿಟ್ಟಿದ್ದಾನೆ. ಶುಲ್ಕವು ಹೆಚ್ಚೆಂದು ತೋರಿದ ಶಿಷ್ಯನು ದೇವಾಲಯಕ್ಕೆ ಹೋಗಿ, ಕಲಿತ ವಿದ್ಯೆಗೆ ತಕ್ಕ ಬೆಲೆ ಎಷ್ಟೆಂದು ಆಣೆಯಿಟ್ಟು ಹೇಳಿ, ಅಷ್ಟನ್ನೇ ಕೊಡಬಹುದಾಗಿತ್ತು. ಸಾಕ್ರಟೀಸನಾದರೋ ಕಾಸನ್ನೂ ಮುಟ್ಟಲಿಲ್ಲ. ಅದಕ್ಕೆ ಅವನ ಶಿಷ್ಯನಾದ ಕ್ಸೆನೊಫನ್ನನು ಕೊಡುವ ಕಾರಣವು ಮನನೀಯವಾಗಿದೆ: ಹಣ ಪಡೆದವನು ಹಣ ಕೊಟ್ಟವನೊಡನೆ ಮಾತನಾಡಲೇಬೇಕಾಗುತ್ತದೆ, ಪಡೆಯದವನು ಸ್ವತಂತ್ರನು. ಸಾಕ್ರಟೀಸನು ಅಂಜಿದುದು ಹಣಕ್ಕಲ್ಲ, ನಾಲಗೆಯ ದಾಸ್ಯಕ್ಕೆ.

ಆದರೆ ಎಲ್ಲರೂ ಹಣವನ್ನು ತೊರೆದೇ ಮಾತನಾಡಬೇಕೆಂದರೆ, ಮಾತನಾಡುವ ಅಧಿಕಾರವು ಉಳ್ಳವರ ಪಾಲಾಗುವುದಲ್ಲವೆ? ಇದಕ್ಕೆ ಅಮೆರಿಕದ ಫ್ರೆಡರಿಕ್ ಡಗ್ಲಸನ ಜೀವನವು ಒಳ್ಳೆಯ ನಿದರ್ಶನ. ಹುಟ್ಟಿನಿಂದ ಗುಲಾಮನಾಗಿದ್ದ ಅವನು 1838ರಲ್ಲಿ ಯಜಮಾನನಿಂದ ತಪ್ಪಿಸಿಕೊಂಡು ಕೂಲಿ ಮಾಡಿ ಬದುಕುತ್ತಿದ್ದನು. 1841ರಲ್ಲಿ ನಾಂಟಕೆಟ್ ದ್ವೀಪದ ಸಭೆಯೊಂದರಲ್ಲಿ ಅವನ ಮಾತನ್ನು ಕೇಳಿದ ದಾಸ್ಯವಿರೋಧಿ ಸಂಘದವರು ಅವನನ್ನು ವೇತನ ಕೊಟ್ಟು ಭಾಷಣಕಾರನನ್ನಾಗಿ ನೇಮಿಸಿಕೊಂಡರು. ಆ ವೇತನವಿಲ್ಲದಿದ್ದರೆ ಹೆಂಡಿರುಮಕ್ಕಳನ್ನು ಸಾಕಬೇಕಾದ ಆ ಕೂಲಿಯಾಳು ಊರೂರು ತಿರುಗಿ ಗುಲಾಮರ ಗೋಳನ್ನು ಲೋಕಕ್ಕೆ ಹೇಳುವುದು ಹೇಗೆ ಸಾಧ್ಯವಿತ್ತು?

ಆದರೆ ಕೆಲಕಾಲದಲ್ಲಿಯೇ ವೇತನದ ಇನ್ನೊಂದು ಮುಖವೂ ಕಾಣಿಸಿತು. ಸಂಘದ ಹಿರಿಯರು ಸಜ್ಜನರೇ, ಆದರೂ ಅವರು, ‘ನೀನು ಪಟ್ಟ ಪಾಡನ್ನಷ್ಟೇ ಹೇಳು, ತತ್ತ್ವವಿಚಾರವನ್ನು ನಮಗೆ ಬಿಡು, ಮಾತಿನಲ್ಲಿ ಗುಲಾಮರ ಆಡುನುಡಿಯ ಸೊಗಡೂ ಸ್ವಲ್ಪ ಇರಲಿ’ ಎಂಬ ಅರ್ಥದ ಸಲಹೆಗಳನ್ನಿತ್ತರು. ಬಹು ಪಾಂಡಿತ್ಯವನ್ನು ತೋರಿದರೆ ಅವನು ಗುಲಾಮನಾಗಿದ್ದನೆಂಬುದನ್ನು ಜನರು ನಂಬಲಾರರೆಂಬುದು ಅವರ ಭಯ. ಡಗ್ಲಸನು ಒಪ್ಪಲಿಲ್ಲ. ಅನ್ಯಾಯವನ್ನು ವರ್ಣಿಸಿದರೆ ಸಾಲದು, ಖಂಡಿಸಬೇಕೆಂದು ಅವನ ಅಂತಃಕರಣವು ಹೇಳುತ್ತಿತ್ತು. ಜನರ ಸಂಶಯವನ್ನು ಕಳೆಯಲು ಅವನು ತನ್ನ ನುಡಿಯನ್ನು ಕುಗ್ಗಿಸಲಿಲ್ಲ. 1845ರಲ್ಲಿ ಯಜಮಾನನ ಹೆಸರು, ಊರುಗಳನ್ನು ಬಯಲುಮಾಡಿ ಆತ್ಮಕಥೆಯನ್ನು ಪ್ರಕಟಿಸಿದನು. ಅದರಿಂದ ಮತ್ತೆ ಸೆರೆಸಿಕ್ಕುವ ಅಪಾಯವೊದಗಲು ಬ್ರಿಟನ್ನಿಗೆ ಹೋಗಬೇಕಾಯಿತು. ಕೂಲಿಯನ್ನು ಸ್ವೀಕರಿಸಿದ ಕೈಯೇ ನಾಲಗೆಯನ್ನು ಒಪ್ಪಿಸಲು ನಿರಾಕರಿಸಿತು.

ನಮ್ಮವರೇ ಆದ ಸ್ವಾಮಿ ವಿವೇಕಾನಂದರ ಚರಿತ್ರೆಯಲ್ಲಿಯೂ ಇದೇ ವಿವೇಕವುಂಟು. 1893ರ ಚಿಕಾಗೋ ಸಮ್ಮೇಳನದ ತರುವಾಯ ಅವರು ಉಪನ್ಯಾಸಗಳನ್ನು ಏರ್ಪಡಿಸುವ ಒಂದು ವ್ಯಾಪಾರಸಂಸ್ಥೆಯೊಡನೆ ಕರಾರು ಮಾಡಿಕೊಂಡು ಅಮೆರಿಕದಲ್ಲಿ ಸಂಚರಿಸಿದರು. 1894ರಲ್ಲಿ ಅದರಿಂದ ಬಿಡಿಸಿಕೊಂಡರು. 1895ರಲ್ಲಿ ನ್ಯೂಯಾರ್ಕಿನಲ್ಲಿ ವೇದಾಂತಪಾಠಗಳನ್ನು ಶುಲ್ಕವಿಲ್ಲದೆ ನಡೆಸಿ, ಖರ್ಚಿಗಾಗಿ ಲೌಕಿಕ ವಿಷಯಗಳ ಮೇಲೆ ಬೇರೆ ಉಪನ್ಯಾಸಗಳನ್ನು ಕೊಟ್ಟರು. ಯಾವುದಕ್ಕೆ ಬೆಲೆ ಪಡೆಯಬಹುದು, ಯಾವುದಕ್ಕೆ ಸಲ್ಲದು ಎಂಬ ಗೆರೆಯನ್ನು ಅವರು ತಮಗೆ ತಾವೇ ಎಳೆದುಕೊಂಡರು.

ಶರಣರು ಕಾಯಕಕ್ಕೆ ಫಲ ಪಡೆಯುವುದನ್ನು ಎಲ್ಲಿಯೂ ಹಳಿದಿಲ್ಲ. ನೇಯುವವನ ಕೈ, ಹೊಲಿಯುವವನ ಕೈಗಳಂತೆ ನುಡಿಯುವವನ ನಾಲಗೆಯೂ ದುಡಿಯುವ ಅಂಗವೇ. ಓದಿ, ಯೋಚಿಸಿ, ಪಯಣ ಮಾಡಿ ಬಂದವನಿಗೆ ಕೊಡುವುದು ಭಿಕ್ಷೆಯಲ್ಲ, ಅವನ ಶ್ರಮದ ಫಲ. ಆದರೆ ಆಯ್ದಕ್ಕಿ ಮಾರಯ್ಯನ ಕಥೆಯನ್ನು ಇಲ್ಲಿ ಸ್ಮರಿಸಬೇಕು. ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳೆಂಬುದು ಪ್ರಸಿದ್ಧವಾಗಿದೆ. ಅಕ್ಕಿಯು ಕದ್ದದ್ದಲ್ಲ, ಆದರೂ ಕಾಯಕದ ಅಳತೆಯನ್ನು ಮೀರಿದುದಾಗಿತ್ತು. ಜನಪ್ರಿಯನಾದೆನೆಂಬ ಒಂದೇ ಕಾರಣದಿಂದ ಬಡ ಊರಿನವರಿಗೆ ನಿಲುಕದ ಬೆಲೆಯನ್ನು ಕೇಳುವ ವಾಗ್ಮಿಯು ಈ ತಾಯಿಯ ಮುಂದೆ ಏನೆಂದು ಉತ್ತರ ಕೊಟ್ಟಾನು?

ಹಾಗೆಂದು ಹಣ ಮುಟ್ಟದವನೆಲ್ಲ ಶುದ್ಧನೆಂದೂ ತಿಳಿಯಬಾರದು. ಕಾಸಿಗೆ ಕೈಯೊಡ್ಡದೆ ಚಪ್ಪಾಳೆಗೆ, ಹಾರಕ್ಕೆ, ಧನಿಕರ ಕೃಪಾದೃಷ್ಟಿಗೆ ಮಾತನ್ನು ಮಾರುವವರು ಎಷ್ಟು ಜನರಿಲ್ಲ! ಆದುದರಿಂದ ಭಾಷಣಕಾರನಾಗಬಯಸುವ ತರುಣನು ತನ್ನನ್ನು ತಾನೇ ಮೂರು ಮಾತು ಕೇಳಿಕೊಳ್ಳಲಿ. ಈ ಹಣವು ಬಾರದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆನೆ? ಹಣ ಕೊಡುವವನಿಗೆ ಒಪ್ಪದ ಸತ್ಯವನ್ನು ಅವನ ವೇದಿಕೆಯ ಮೇಲೆಯೇ ಹೇಳಬಲ್ಲೆನೆ? ನಾನು ಬೋಧಿಸುವುದರಲ್ಲಿ ನನ್ನ ಮನೆಯಲ್ಲಿ ನಡೆಯುವುದೆಷ್ಟು? ಮೂರನೆಯದೇ ಅತಿ ಕಠಿನ. ಏಕೆಂದರೆ ಸಭೆಯು ಮಾತನ್ನು ಕೇಳುವುದು, ಮನೆಯವರು ನಡೆಯನ್ನು ಕಾಣುವರು.

ಕೇಳುವವರಿಗೂ ಕರ್ತವ್ಯವುಂಟು. ಕರೆದವನಿಗೆ ದಾರಿಯ ಖರ್ಚನ್ನೂ ಕೊಡದೆ, ‘ಸೇವೆಯಲ್ಲವೆ?’ ಎಂದು ಬರಿಗೈಯಲ್ಲಿ ಕಳುಹಿಸುವುದು ಭಕ್ತಿಯಲ್ಲ, ಜಿಪುಣತನ. ಕೊಟ್ಟೆವೆಂದು ನಮಗೆ ಹಿತವಾದುದನ್ನೇ ನುಡಿಯಬೇಕೆಂದು ಬಯಸುವುದು ಇನ್ನೂ ದೊಡ್ಡ ತಪ್ಪು. ಶ್ರಮಕ್ಕೆ ಬೆಲೆ ಕೊಡೋಣ. ಸತ್ಯಕ್ಕೆ ಬೆಲೆ ಕಟ್ಟದಿರೋಣ. ಕೊಡುವವರೂ ಪಡೆಯುವವರೂ ಈ ಭೇದವನ್ನು ಅರಿತಲ್ಲಿ ಮಾತು ಕಾಯಕವಾಗುವುದು. ಮರೆತಲ್ಲಿ ಅದೇ ಮಾತು ಸರಕಾಗುವುದು.