ಹಲವು ಕಡೆಯಿಂದ ಕೇಳಿದ ಸದ್ದು

ಸಂತೆಯಲ್ಲಿ ಹಲಸಿನ ಹಣ್ಣು ಕೊಳ್ಳುವ ಹಿರಿಯರನ್ನು ನಾವೆಲ್ಲ ನೋಡಿದ್ದೇವೆ. ಬೆರಳಿನಿಂದ ತಟ್ಟಿ ಕಿವಿಗೊಡುತ್ತಾರೆ. ಹೊರಳಿಸಿ ಮತ್ತೊಂದು ಮಗ್ಗುಲಿಗೂ ತಟ್ಟುತ್ತಾರೆ. ಕೊಯ್ಯದೆಯೇ ಒಳಗನ್ನು ಅರಿಯುವ ಈ ಜಾಣ್ಮೆಯೇ ತೈಲ, ಅನಿಲಗಳ ಶೋಧಕ್ಕೂ ಆಧಾರ. 1960ರ ದಶಕದಲ್ಲಿ ಸೋವಿಯತ್ ಹಡಗೊಂದರಲ್ಲಿ ರಷ್ಯಾದ ಮತ್ತು ನಮ್ಮ ದೇಶದ ತಜ್ಞರು ಖಂಭಾತ್ ಕೊಲ್ಲಿಯ ಕಡೆ ಸಮುದ್ರದಡಿಯನ್ನು ಹೀಗೆ ಆಲಿಸುತ್ತ ಸಾಗಿದರು. ಮುಂಬೈ ತೀರದಿಂದ ಸುಮಾರು 160 ಕಿ.ಮೀ. ದೂರದಲ್ಲಿ, ಕಡಲಡಿಯ ಶಿಲೆಗಳು ಮೇಲಕ್ಕೆ ಉಬ್ಬಿಕೊಂಡಿರುವುದು ತಿಳಿದುಬಂತು. 1974ರಲ್ಲಿ ‘ಸಾಗರ ಸಮ್ರಾಟ್’ ಎಂಬ ತೇಲು ವೇದಿಕೆಯಿಂದ ಅಲ್ಲಿ ಬಾವಿ ಕೊರೆದಾಗ ತೈಲ ಸಿಕ್ಕಿತು. ಅದೇ ಇಂದಿನ ಮುಂಬೈ ಹೈ ತೈಲಕ್ಷೇತ್ರ.

ನೆಲದಡಿಯ ತೈಲವೆಂದರೆ ಕೆರೆಯ ಹಾಗೆ ನಿಂತ ದ್ರವವಲ್ಲ. ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ತುಂಬಿಕೊಂಡಿರುತ್ತದೆ. ನೀರಿಗಿಂತ ಹಗುರವಾದ್ದರಿಂದ ಮೇಲೇರುತ್ತ ಹೋಗಿ, ದಾಟಲಾಗದ ಗಟ್ಟಿ ಪದರ ಅಡ್ಡಬಂದಲ್ಲಿ ತಂಗುತ್ತದೆ. ಮೇಲಿನಿಂದ ಕಳುಹಿಸಿದ ಕಂಪನ ಒಂದು ಶಿಲಾಸ್ತರದಿಂದ ಮತ್ತೊಂದಕ್ಕೆ ಇಳಿಯುವಾಗ ಅದರ ಒಂದಂಶ ಹಿಂದಿರುಗುತ್ತದೆ. ಎಷ್ಟು ಹೊತ್ತಿಗೆ ಮರಳಿತು ಎಂಬುದರಿಂದ ಆಳವನ್ನೂ, ಪದರಗಳ ಬಾಗು ಬಳುಕನ್ನೂ ಲೆಕ್ಕ ಹಾಕುತ್ತಾರೆ. ಎರಡು ಮೂರು ಕಿಲೋಮೀಟರ್ ಆಳದ ಸುದ್ದಿ ಕೆಲವೇ ಸೆಕೆಂಡುಗಳಲ್ಲಿ ಮೇಲೆ ಬಂದಿರುತ್ತದೆ.

ಆದರೆ ಒಂದು ಸಲ ಕೇಳಿದ ಪ್ರತಿಧ್ವನಿಯನ್ನು ನಂಬುವಂತಿಲ್ಲ. ಗಾಳಿ, ಅಲೆ, ವಾಹನ, ಯಂತ್ರ ಎಲ್ಲದರ ಗದ್ದಲವೂ ಅದರಲ್ಲಿ ಬೆರೆತಿರುತ್ತದೆ. ಅಮೆರಿಕದ ಭೂಭೌತ ತಜ್ಞ ಹ್ಯಾರಿ ಮೇನ್ 1950ರ ದಶಕದಲ್ಲಿ ಇದಕ್ಕೊಂದು ಸೊಗಸಾದ ದಾರಿ ತೋರಿದರು. ಆಳದ ಅದೇ ಬಿಂದುವನ್ನು ಬೇರೆ ಬೇರೆ ಜಾಗಗಳಿಂದ ಆಲಿಸಿ, ದಾರಿಯ ಉದ್ದದ ವ್ಯತ್ಯಾಸವನ್ನು ಸರಿಪಡಿಸಿ, ಬಂದ ಸದ್ದುಗಳನ್ನೆಲ್ಲ ಒಟ್ಟುಗೂಡಿಸುವುದು. ಗದ್ದಲ ಪ್ರತಿಸಲವೂ ಬೇರೆ. ಆದ್ದರಿಂದ ಕೂಡಿಸಿದಾಗ ಅದು ತನ್ನನ್ನು ತಾನೇ ಅಳಿಸಿಕೊಳ್ಳುತ್ತ ಬರುತ್ತದೆ. ಬಂಡೆಯಿಂದ ಬಂದ ದನಿ ಎಲ್ಲದರಲ್ಲೂ ಇರುವುದರಿಂದ ಬಲವಾಗುತ್ತದೆ.

ನಮ್ಮ ಮನೆಗಳಲ್ಲೂ ಈ ವಿವೇಕ ಬೇಕು. ಹತ್ತು ವರ್ಷದ ಮಗು ದಿಢೀರನೆ ಶಾಲೆಗೆ ಹೋಗಲೊಲ್ಲೆ ಎನ್ನುತ್ತದೆ. ಸೋಮಾರಿತನ ಎನ್ನುವುದು ತಂದೆಯ ತೀರ್ಪು, ಮುದ್ದು ಹೆಚ್ಚಾಯಿತು ಎನ್ನುವುದು ಅಜ್ಜಿಯದು, ಗಮನ ಸಾಲದು ಎನ್ನುವುದು ಶಿಕ್ಷಕರದು. ಒಬ್ಬೊಬ್ಬರ ಮಾತಿನಲ್ಲೂ ಅವರವರ ಆಯಾಸ, ಆತಂಕ, ಅವಸರ ಬೆರೆತಿರುತ್ತದೆ. ಅವುಗಳನ್ನು ಬದಿಗಿಟ್ಟು, ಜೊತೆಗೆ ಓದುವ ಗೆಳೆಯನನ್ನೂ ಶಾಲಾ ವ್ಯಾನಿನ ಚಾಲಕನನ್ನೂ ವಿಚಾರಿಸಿದರೆ, ಎಲ್ಲರ ಮಾತಿನಲ್ಲೂ ಮರಳಿ ಮರಳಿ ಬರುವ ಒಂದು ಸಂಗತಿ ಕಾಣಿಸೀತು: ಈಚೆಗೆ ಮಗು ಹಿಂದಿನ ಬೆಂಚಿಗೆ ಹೋಗಿದೆ, ಕಣ್ಣು ಕಿರಿದು ಮಾಡಿ ನೋಡುತ್ತದೆ. ಅಷ್ಟಾದರೂ ಅದು ಊಹೆಯೇ. ಕಂಪನಗಳು ಎಲ್ಲಿ ಕೊರೆಯಬೇಕೆಂದು ಸೂಚಿಸುತ್ತವೆ, ತೈಲವಿದೆಯೋ ಇಲ್ಲವೋ ಎಂಬುದನ್ನು ಬಾವಿಯೇ ಹೇಳಬೇಕು; ಬರಿದಾದ ಬಾವಿಗಳೂ ಎಷ್ಟೋ. ಹಾಗೆಯೇ ಕೊನೆಗೆ ಮಗುವಿನ ಪಕ್ಕದಲ್ಲಿ ಕೂತು, ಅದನ್ನೇ ಕೇಳಬೇಕು. ಮರುದಿನವೇ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಎಲ್ಲರನ್ನೂ ಆಲಿಸುವುದು ಸೌಜನ್ಯ ಮಾತ್ರವಲ್ಲ, ನಮ್ಮವರಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುವ ನಿತ್ಯದ ಕರ್ತವ್ಯ.